ಬೆಟ್ಟವೂ ಗಣಿಯೂ ಒಂದೇ ಪಟದಲ್ಲಿ

ಛಾಯಾಚಿತ್ರವು ಸುಳ್ಳು ಹೇಳಲಾರದೆಂಬ ನಂಬಿಕೆಯು ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಚಿತ್ರಗಾರನು ತನ್ನ ಇಷ್ಟ ಬಂದಂತೆ ಬಣ್ಣ ತುಂಬಬಹುದು, ಕವಿಯು ಬತ್ತಿದ ಕೆರೆಯಲ್ಲಿ ಕಮಲವನ್ನು ಅರಳಿಸಬಹುದು; ಕ್ಯಾಮೆರಾವಾದರೋ ತನ್ನ ಮುಂದಿದ್ದುದನ್ನು ಇದ್ದಂತೆಯೇ ಹಿಡಿಯುವುದು ಎಂದು ಹೇಳುವರು. ಈ ಮಾತು ಅರ್ಧ ನಿಜ. ಮುಂದಿದ್ದುದನ್ನು ಅದು ಹಿಡಿಯುವುದೇನೋ ಸರಿಯೆ. ಆದರೆ ಅದನ್ನು ಯಾವ ಕಡೆಗೆ ತಿರುಗಿಸಬೇಕು, ಎಲ್ಲಿಗೆ ಅಂಚು ಕಟ್ಟಬೇಕು ಎಂಬುದನ್ನು ನಿಶ್ಚಯಿಸುವುದು ಮನುಷ್ಯನ ಕೈ. ಅಂಚಿನಿಂದಾಚೆಗೆ ಬಿಟ್ಟುದರ ವಿಷಯದಲ್ಲಿ ಪಟವು ಏನನ್ನೂ ಹೇಳದು, ನೋಡುವವರೂ ಕೇಳರು. ಹೀಗಾಗಿ ಒಂದು ಸುಳ್ಳು ಮಾತನ್ನೂ ಆಡದೆ ಒಂದು ಸೀಮೆಯನ್ನೆಲ್ಲ ತಪ್ಪಾಗಿ ತೋರಿಸಿಬಿಡುವುದು ಸಾಧ್ಯ. ನಮ್ಮ ಬಂಗಾರಪೇಟೆ, ಕೋಲಾರ ಚಿನ್ನದ ಗಣಿಗಳ ಸೀಮೆಗೆ ಬಹುದಿನದಿಂದ ಹಾಗೆಯೇ ಆಗುತ್ತ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಈ ಸ್ಮರಣ ಸಂಚಿಕೆಯ ಹೊದಿಕೆಗೆಂದು ನಮ್ಮ ವಿದ್ಯಾರ್ಥಿನಿಯರು ತೆಗೆದುತಂದ ಚಿತ್ರಗಳಲ್ಲಿ ಎರಡು ಕೊನೆಯವರೆಗೆ ಉಳಿದುವು. ಮೊದಲನೆಯದು ಬೂದಿಕೋಟೆಯ ಸಮೀಪದ ಮಾರ್ಕಂಡೇಯ ಜಲಾಶಯದ ದಂಡೆಯಿಂದ ತೆಗೆದುದು: ನಿಶ್ಚಲವಾದ ನೀರು, ದುಂಡುಬಂಡೆಗಳ ಗುಡ್ಡ, ನಡುವೆ ನೀಲಗಿರಿ ಮರಗಳ ಸಾಲು, ಮೇಲೆ ಬೆಳಗಿನ ಮೋಡ. ಎರಡನೆಯದು ಚಾಂಪಿಯನ್ ರೀಫಿನ ಕಡೆಯದು: ಮುಂದೆ ರಾಗಿಯ ಹೊಲ, ಬದುವಿನ ಮೇಲೆ ಒಂದು ಹೊಂಗೆಯ ಮರ, ಹಿಂದೆ ಬೂದಿಬಣ್ಣದ ಸೈನೈಡ್ ದಿಬ್ಬ, ಅದರ ಬಲಮಗ್ಗುಲಿಗೆ ಕೆಲಸ ನಿಂತುಹೋದ ಷಾಫ್ಟಿನ ಕಬ್ಬಿಣದ ಗೋಪುರ. ಸಂಚಿಕೆಯ ಸಮಿತಿಯಲ್ಲಿದ್ದ ಪೋಷಕರಲ್ಲಿ ಹೆಚ್ಚಿನವರು ಮೊದಲನೆಯದನ್ನೇ ಮೆಚ್ಚಿದರು. ಒಬ್ಬ ತಂದೆಯವರು, "ಅಮ್ಮನವರೇ, ಹೆಣ್ಣುಮಕ್ಕಳ ಶಾಲೆಯ ಪುಸ್ತಕಕ್ಕೆ ಪ್ರಕೃತಿ ಸೌಂದರ್ಯವಿರಲಿ, ಆ ಮಣ್ಣುದಿಬ್ಬವನ್ನು ದಿನಾ ನೋಡಿ ಸಾಕಾಗಿದೆ" ಎಂದರು. ಅವರು ಇಪ್ಪತ್ತು ವರ್ಷ ಆ ದಿಬ್ಬದ ಧೂಳನ್ನು ಕುಡಿದವರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನಮ್ಮಿಂದಾಗಲಿಲ್ಲ. ಕೊನೆಗೆ ಎರಡನ್ನೂ ಅಚ್ಚುಹಾಕಿಸಲಾಗಿದೆ, ಹೊದಿಕೆಯ ಒಂದು ಮಗ್ಗುಲಿಗೆ ಒಂದು. ಯಾವುದು ಮುಂದು, ಯಾವುದು ಹಿಂದು ಎಂಬುದು ಪುಸ್ತಕವನ್ನು ಮೇಜಿನ ಮೇಲಿಡುವವರ ಕೈಯಲ್ಲಿದೆ. ಆದರೂ ನಮ್ಮ ಮನಸ್ಸು ಎರಡನೆಯದರ ಕಡೆಗಿತ್ತು. ಏಕೆಂಬುದನ್ನು ವಿವರಿಸುವುದು ಯುಕ್ತವೆಂದು ತೋರಿದುದರಿಂದ ಈ ಕೆಲವು ಪುಟಗಳು.

ಮೊದಲು ಆ ಸೌಂದರ್ಯದ ಚಿತ್ರವನ್ನೇ ನೋಡೋಣ. ಬೂದಿಕೋಟೆಯು ಹಳೆಯ ಊರು. ವಿಭೂತಿಪುರವೆಂಬುದು ಅದರ ಸಂಸ್ಕೃತದ ಹೆಸರು. ಫತೇ ಮಹಮ್ಮದನಿಗೆ ಜಹಗೀರಾಗಿದ್ದ ಈ ಊರಿನಲ್ಲಿಯೇ 1721ನೆಯ ಇಸವಿಯ ಸುಮಾರಿಗೆ ಹೈದರಲಿಯು ಹುಟ್ಟಿದನೆಂಬುದನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಬಂಡೆಗಳ ಮೇಲೆ ಕೋಟೆಯ ಅವಶೇಷಗಳಿವೆ. ಇಲ್ಲಿ ಗಣಿಯಿಲ್ಲ, ಯಂತ್ರವಿಲ್ಲ, ಹೊಗೆಯಿಲ್ಲ. ಆದುದರಿಂದ ಇದು ಶುದ್ಧ ಪ್ರಕೃತಿಯೆಂದು ನಮ್ಮ ಪೋಷಕರು ತಿಳಿದರು. ಆದರೆ ಆ ಚಿತ್ರದಲ್ಲಿರುವ ನೀರು ಯಾವುದು? ಮನುಷ್ಯರು ಮಾರ್ಕಂಡೇಯ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು. ನೀಲಗಿರಿ ಮರಗಳೋ, ಆಸ್ಟ್ರೇಲಿಯಾ ಖಂಡದಿಂದ ಬಂದವು; ಸೌದೆಗೂ ಕಾಗದದ ಕಾರ್ಖಾನೆಗಳ ತಿರುಳಿಗೂ ಎಂದು ನಮ್ಮ ಜಿಲ್ಲೆಯ ಹೊಲ ಬೀಳುಗಳಲ್ಲೆಲ್ಲ ನೆಟ್ಟವು. ಅವು ನೆಲದ ನೀರನ್ನು ಹೀರುವುವೆಂಬ ದೂರು ಹೆಚ್ಚಿ, 2017ರಲ್ಲಿ ಸರ್ಕಾರವು ಹೊಸದಾಗಿ ಅವನ್ನು ನೆಡುವುದನ್ನೇ ನಿಷೇಧಿಸಿತು. ಹೀಗೆ ಪ್ರಕೃತಿಯೆಂದು ನಾವು ಕೈಮುಗಿದ ಪಟದಲ್ಲಿ ಬಂಡೆಯನ್ನೂ ಮೋಡವನ್ನೂ ಬಿಟ್ಟರೆ ಮಿಕ್ಕುದೆಲ್ಲ ಮನುಷ್ಯನ ಕೈವಾಡ. ಬಂಡೆಯ ಮಾತನ್ನು ಮುಂದೆ ಹೇಳುವೆವು.

ಇದನ್ನು ಕಂಡು ಮೊದಲನೆಯ ಚಿತ್ರವು ಸುಂದರವಲ್ಲವೆಂದು ಯಾರೂ ತಿಳಿಯಬಾರದು. ಅದನ್ನು ತೆಗೆದ ಹುಡುಗಿಯು ಬೆಳಗಿನ ಜಾವಕ್ಕೆ ಎದ್ದು ತಾತನ ಸಂಗಡ ದಂಡೆಗೆ ಹೋಗಿದ್ದಳು. ನಾವು ಹೇಳುವುದೇನೆಂದರೆ, ನಮ್ಮ ಸೀಮೆಯಲ್ಲಿ ಪ್ರಕೃತಿಯ ಪಟವೊಂದು, ಕೈಗಾರಿಕೆಯ ಪಟವೊಂದು ಎಂದು ಎರಡು ಕಟ್ಟು ಮಾಡಿಡುವುದು ಆಗದ ಮಾತು.

ಈಗ ದಿಬ್ಬದ ವಿಷಯ. ಗಣಿಯ ಊರುಗಳಲ್ಲಿ ಇದನ್ನು ಸೈನೈಡ್ ಗುಡ್ಡವೆಂದೇ ಕರೆಯುವರು. ನಮ್ಮ ಕೆಳಗಿನ ತರಗತಿಗಳಲ್ಲಿ ಬೆಟ್ಟದ ಚಿತ್ರ ಬರೆಯಿರೆಂದು ಹೇಳಿದಾಗ ಬೂದಿಕೋಟೆ, ಕಾಮಸಮುದ್ರದ ಕಡೆಯ ಮಕ್ಕಳು ಮೊನಚಾದ ತುದಿಯನ್ನು ಬರೆಯುವರು. ಕೋರಮಂಡಲ್, ಮಾರಿಕುಪ್ಪಂ ಕಡೆಯ ಮಕ್ಕಳು ಮೇಲ್ಭಾಗವನ್ನು ಹಲಗೆಯಂತೆ ಸಪಾಟಾಗಿ ಬರೆದು ಪಕ್ಕಗಳಲ್ಲಿ ಉದ್ದುದ್ದ ಗೀಟುಗಳನ್ನೆಳೆಯುವರು. ಆ ಗೀಟುಗಳು ಮಳೆಯ ನೀರು ಕೊರೆದ ಕೊರಕಲುಗಳು. ಮಕ್ಕಳ ಕಣ್ಣು ತಪ್ಪಲಿಲ್ಲ. ಅವರ ಬೆಟ್ಟವು ಹಾಗೆಯೇ ಇರುವುದು. ಆದರೆ ಅದು ಭೂಮಿಯಿಂದ ತಾನಾಗಿ ಎದ್ದ ಬೆಟ್ಟವಲ್ಲ. ಗಣಿಯ ಆಳದಿಂದ ತಂದ ಕಲ್ಲನ್ನು ಗಿರಣಿಗಳಲ್ಲಿ ಕುಟ್ಟಿ ಹಿಟ್ಟುಮಾಡಿ, ಆ ಹಿಟ್ಟಿನಲ್ಲಿದ್ದ ಚಿನ್ನವನ್ನು ಸೈನೈಡ್ ದ್ರವದಲ್ಲಿ ಕರಗಿಸಿ ತೆಗೆದುಕೊಂಡ ಮೇಲೆ, ಉಳಿದ ಹಿಟ್ಟನ್ನು ಹೊರಗೆ ಸುರಿದು ಸುರಿದು ಆದ ರಾಶಿ. ಇಂಥ ರಾಶಿಗಳು 13. ಅವು ಹರಡಿರುವ ನೆಲವು 1,000 ಎಕರೆಗೂ ಮೇಲೆ. ಅವುಗಳ ತೂಕ ಸುಮಾರು 3 ಕೋಟಿ 30 ಲಕ್ಷ ಟನ್ನು.

ಇಷ್ಟು ದೊಡ್ಡ ಅಂಕಿಯು ಮನಸ್ಸಿಗೆ ಹಿಡಿಯುವುದಿಲ್ಲವಾದುದರಿಂದ ತರಗತಿಯಲ್ಲಿ ನಾವು ಒಂದು ಲೆಕ್ಕ ಮಾಡಿಸಿದೆವು. ಜಾನ್ ಟೇಲರ್ ಮತ್ತು ಮಕ್ಕಳೆಂಬ ಲಂಡನಿನ ಸಂಸ್ಥೆಯು 1880ರಲ್ಲಿ ಕೈಹಾಕಿದಂದಿನಿಂದ 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವರೆಗೆ ಇಲ್ಲಿಂದ ಹೊರಟ ಚಿನ್ನವು 800 ಟನ್ನಿಗೆ ಮೇಲ್ಪಟ್ಟಿತು. ರಾಶಿಯ ತೂಕವನ್ನು ಚಿನ್ನದ ತೂಕದಿಂದ ಭಾಗಿಸಿದರೆ ಒಂದು ಗ್ರಾಂ ಚಿನ್ನಕ್ಕೆ ಸುಮಾರು 41 ಕಿಲೋಗ್ರಾಂ ಹಿಟ್ಟು. ಒಂದು ಸವರನ್ನು, ಎಂದರೆ 8 ಗ್ರಾಂ ತೂಗುವ ಸರವನ್ನು ಮಗಳ ಕೊರಳಿಗೆ ಹಾಕಿದರೆ, ಅದರ ಪಾಲಿನ ಮೂರು ಕ್ವಿಂಟಾಲಿಗೂ ಮಿಕ್ಕ ಧೂಳು ನಮ್ಮ ಊರ ಮಗ್ಗುಲಲ್ಲಿ ಉಳಿದಿದೆ ಎಂದಾಯಿತು. ಈ ಲೆಕ್ಕವನ್ನು ಮಾಡಿದ ದಿನ ತರಗತಿಯು ಸ್ವಲ್ಪ ಹೊತ್ತು ಮೌನವಾಗಿದ್ದಿತು, ಆ ಬಳಿಕ ಒಬ್ಬಳು ಎದ್ದು, "ಟೀಚರ್, ಸರ ಹೋದ ಊರಿನವರು ಆ ಧೂಳಿನ ಫೋಟೋ ನೋಡಿದ್ದಾರೆಯೆ?" ಎಂದು ಕೇಳಿದಳು. ಛಾಯಾಚಿತ್ರದ ವಿಷಯದಲ್ಲಿ ನಮಗಿರುವ ಪ್ರಶ್ನೆಯೂ ಹೆಚ್ಚುಕಡಮೆ ಇದೇ.

ಇಷ್ಟು ಕಲ್ಲು ಮೇಲಕ್ಕೆ ಬಂದ ಬಳಿಕ ಕೆಳಗೆ ಏನಾಯಿತು? ಚಾಂಪಿಯನ್ ರೀಫಿನ ಗಣಿಯು ಸುಮಾರು 3,200 ಮೀಟರು ಆಳಕ್ಕೆ ಇಳಿದಿತ್ತು. ನಮ್ಮ ಕಡೆಯವರಿಗೆ ಎತ್ತರವೆಂದರೆ ನಂದಿಬೆಟ್ಟ. ಅದು ಸಮುದ್ರಮಟ್ಟಕ್ಕೆ 1,478 ಮೀಟರು. ಅಂಥ ಎರಡು ನಂದಿಬೆಟ್ಟಗಳನ್ನು ಒಂದರ ಮೇಲೊಂದಿಟ್ಟರೂ ಗಣಿಯ ತಳದಿಂದ ನೆಲಕ್ಕೆ ತಲುಪಲಾರವು. ಚಿನ್ನದ ಕಲ್ಲನ್ನು ತೆಗೆದ ಜಾಗವು ಕುಸಿಯದಂತೆ ಮೊದಲು ಮರದ ಆಧಾರಗಳನ್ನು ಕೊಡುತ್ತಿದ್ದರು. ಆಳ ಹೆಚ್ಚಿದಂತೆ ಭೂಮಿಯ ಒತ್ತಡಕ್ಕೆ ಮರ ತಡೆಯದೆ, ಚಪ್ಪಡಿಯಾಗಿ ಕೆತ್ತಿದ ಗ್ರಾನೈಟ್ ಕಲ್ಲನ್ನು ಒಳಗಿಳಿಸಿ ಗೋಡೆಯಂತೆ ಕಟ್ಟತೊಡಗಿದರು. ಬಂಡೆಯ ಮಾತನ್ನು ಮುಂದೆ ಹೇಳುವೆವೆಂದುದು ಇದಕ್ಕಾಗಿ. ಬಯಲಿನಲ್ಲಿ ನಿಂತಿದ್ದ ಬಂಡೆಯು ಪಾತಾಳಕ್ಕೆ ಇಳಿಯಿತು. ಪಾತಾಳದಲ್ಲಿದ್ದ ಕಲ್ಲು ಹಿಟ್ಟಾಗಿ ಬಯಲಿಗೆ ಬಂದು ಗುಡ್ಡವಾಯಿತು. ಯಾವುದು ಪ್ರಕೃತಿ, ಯಾವುದು ಕೈಗಾರಿಕೆ?

ಇನ್ನೊಂದು ಸಂಬಂಧವುಂಟು, ಅದನ್ನು ಒಂದೇ ಪಟದಲ್ಲಿ ತೋರಿಸುವುದು ಯಾವ ನಿಪುಣನಿಂದಲೂ ಆಗದು. ಈ ಗಣಿಗಳ ಯಂತ್ರಗಳನ್ನು ತಿರುಗಿಸುವುದಕ್ಕಾಗಿಯೇ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರಿನಿಂದ ವಿದ್ಯುತ್ತನ್ನು ತಯಾರಿಸಿದರು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆರಂಭವಾದ ಆ ಕೆಲಸವು 1902ನೆಯ ಇಸವಿಯ ಜೂನ್ ತಿಂಗಳಲ್ಲಿ ಕೈಗೂಡಿ, 92 ಮೈಲಿಗಳ ತಂತಿಯ ಮೂಲಕ ಶಕ್ತಿಯು ಇಲ್ಲಿಗೆ ಹರಿದುಬಂದಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ, ಮೂರು ವರ್ಷ ತಡವಾಗಿ. ಶಿವನಸಮುದ್ರದ ಜಲಪಾತದ ಚಿತ್ರವು ನಮ್ಮ ನಾಡಿನಲ್ಲಿ ಎಷ್ಟು ಮನೆಗಳ ಗೋಡೆಗಳ ಮೇಲಿಲ್ಲ! ಆದರೆ ಆ ನೊರೆಯ ಹಿಂದೆ ಚಾಂಪಿಯನ್ ರೀಫಿನ ತೊಟ್ಟಿಲು ಏರಿಳಿಯುತ್ತಿದ್ದಿತೆಂದು ನೆನೆದವರು ಎಷ್ಟು ಮಂದಿ? ಕುಡಿಯುವ ನೀರಿನ ವಿಷಯವೂ ಹೀಗೆಯೇ: ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆಯಲ್ಲಿ ಪಾಲಾರಿನ ಬೇತಮಂಗಲದ ಕೆರೆಯಿಂದ ಗಣಿಯ ಊರುಗಳಿಗೆ ನೀರು ಬಂದಿತು. ಬೇತಮಂಗಲದ ಕೆರೆಯ ಮೇಲೆ ಸೂರ್ಯನು ಮುಳುಗುವ ಚಿತ್ರವನ್ನು ತೆಗೆಯುವವರು ಕೊಳವೆಯ ಸಾಲನ್ನು ಅಂಚಿನಿಂದ ಹೊರಗೆ ಬಿಡುವರು. ಕೊಳವೆಯಲ್ಲಿ ಏನು ಕೊರತೆಯೋ ನಮಗೆ ತಿಳಿಯದು.

ಹಿಂದಿನವರು ಹೇಗೆ ಚಿತ್ರ ತೆಗೆದರು? ಕಂಪೆನಿಯ ಕಾಲದ ಹಳೆಯ ಚಿತ್ರಪತ್ರಗಳನ್ನು ನೋಡಿದವರಿಗೆ ತಿಳಿದಂತೆ, ಅವುಗಳಲ್ಲಿ ಗಿರಣಿ, ಗೋಪುರ, ಬಂಗಲೆಗಳೇ ಕಾಣುವುವು. ಯಂತ್ರವು ದೊಡ್ಡದಾಗಿಯೂ ಬಂಗಲೆಯ ತೋಟವು ಅಚ್ಚುಕಟ್ಟಾಗಿಯೂ ತೋರುವುದು. ಲಂಡನಿನಲ್ಲಿ ಕುಳಿತ ಪಾಲುದಾರನಿಗೆ ಬೇಕಾದುದೂ ಅಷ್ಟೆ. ಕೂಲಿಯವರ ಸಾಲುಮನೆಗಳು ಬಂದರೆ ದೂರದಲ್ಲಿ, ಹೊಲಗಳು ಬಂದರೆ ಮಸುಕಾಗಿ.

ಬೇರೆ ದೇಶಗಳಲ್ಲಿ ಇದನ್ನೇ ಜೀವನದ ಕೆಲಸವಾಗಿ ಮಾಡಿಕೊಂಡವರುಂಟು. ಜರ್ಮನಿಯ ಬರ್ಂಡ್ ಬೆಖರ್, ಹಿಲ್ಲಾ ಬೆಖರ್ ಎಂಬ ದಂಪತಿಗಳು 1959ರಿಂದ ದಶಕಗಳ ಕಾಲ ಗಣಿಯ ಗೋಪುರಗಳು, ನೀರಿನ ತೊಟ್ಟಿಗಳು, ಕುಲುಮೆಗಳು ಇವನ್ನು ಮೋಡ ಮುಸುಕಿದ ಬೆಳಕಿನಲ್ಲಿ, ನೇರವಾಗಿ ಎದುರಿನಿಂದ, ಒಂದೇ ಅಳತೆಯಲ್ಲಿ ತೆಗೆದು ಸಾಲಾಗಿ ಜೋಡಿಸಿದರು. ಹರ್ಬೇರಿಯಮ್ಮಿನಲ್ಲಿ ಎಲೆಗಳನ್ನು ಅಂಟಿಸಿದಂತೆ! ಅವರಿಂದ ಆದ ಉಪಕಾರ ಸಣ್ಣದಲ್ಲ. ಜನರು ಗುಜರಿಯೆಂದು ತಿಳಿದಿದ್ದುದನ್ನು ಅವರು ಕಟ್ಟಡವೆಂದು ತೋರಿಸಿದರು. ಎಸ್ಸೆನ್ ಎಂಬಲ್ಲಿಯ ಜೊಲ್ವೆರೈನ್ ಕಲ್ಲಿದ್ದಲ ಗಣಿಯು 1986ರಲ್ಲಿ ಮುಚ್ಚಿತು. 2001ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದೇ ವರ್ಷವೇ ನಮ್ಮ ಗಣಿಗಳಿಗೆ ಬೀಗ ಬಿದ್ದುದೆಂಬುದನ್ನು ಇಲ್ಲಿ ನೆನೆಯದೆ ಇರಲಾರೆವು. ಆದರೂ ಬೆಖರ್ ದಂಪತಿಗಳ ಬಹುಪಾಲು ಚಿತ್ರಗಳಲ್ಲಿ ಗೋಪುರವು ಒಂಟಿಯಾಗಿ ನಿಲ್ಲುವುದು. ಅದರ ಬುಡದ ಹೊಲವೂ ಮನೆಯೂ ಹೊರಗುಳಿಯುವುವು. ನಮ್ಮ ಹುಡುಗಿಯರಿಗೆ ಈ ಪದ್ಧತಿಯು ಸಾಲದು.

ಕೆನಡಾದ ಎಡ್ವರ್ಡ್ ಬರ್ಟಿನ್‌ಸ್ಕಿಯವರ ದಾರಿ ಬೇರೆ. ಸಡ್ಬರಿಯೆಂಬಲ್ಲಿ ನಿಕ್ಕಲ್ ಗಣಿಯ ಕಸವು ಹರಿದ ತೊರೆಯನ್ನು ಅವರು 1996ರಲ್ಲಿ ತೆಗೆದರು. ಕಪ್ಪು ನೆಲದ ಮೇಲೆ ಕೆಂಡದಂಥ ಕಿತ್ತಳೆ ಬಣ್ಣದ ಹೊಳೆ! ನೋಡಿದವರು ಮೊದಲು ಅಹಾ ಎನ್ನುವರು. ಏನೆಂದು ತಿಳಿದ ಮೇಲೆ ಬಾಯಿ ಮುಚ್ಚುವರು. ಈ ಅಹಾ ಎನ್ನಿಸುವ ಶಕ್ತಿಯು ಒಳ್ಳೆಯದೋ ಕೆಟ್ಟದೋ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇರುವರು. ನಮ್ಮ ಮಟ್ಟಿಗೆ ಹೇಳುವುದಾದರೆ, ಏನೆಂದು ತಿಳಿಸುವ ಬರಹವು ಪಟದ ಕೆಳಗಿದ್ದರೆ ಅದು ಒಳ್ಳೆಯದು. ಬರಹವಿಲ್ಲದಿದ್ದರೆ ಅದು ಬರಿಯ ಸೀರೆಯ ಅಂಚು. ಬ್ರೆಜಿಲಿನ ಸೆಬಾಸ್ಟಿಯಾವೊ ಸಾಲ್ಗಾಡೊ ಅವರು 1986ರಲ್ಲಿ ಸೆರ್ರಾ ಪೆಲಾಡಾ ಎಂಬ ಚಿನ್ನದ ಗಣಿಯಲ್ಲಿ ಮೈಯೆಲ್ಲ ಕೆಸರಾಗಿ ಏಣಿಯೇರುವ ಸಾವಿರಾರು ಜನರನ್ನು ತೋರಿಸಿದರು. ಅದೇ ಮನುಷ್ಯರು ಮುಂದೆ ಪತ್ನಿಯೊಡನೆ ಹುಟ್ಟೂರಿನ ಬೋಳು ನೆಲದಲ್ಲಿ ಕಾಡು ಬೆಳೆಸುವುದಕ್ಕೆ 1998ರಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದರು. 2025ರಲ್ಲಿ ಅವರು ತೀರಿಕೊಂಡಾಗ ನಮ್ಮ ಶಾಲೆಯಲ್ಲಿ ಅವರ ಚಿತ್ರಗಳನ್ನು ಹುಡುಗಿಯರಿಗೆ ತೋರಿಸಿದೆವು. ಗಣಿಯ ಚಿತ್ರದ ಮುಂದೆ ಅವರು ನಿಂತಷ್ಟು ಹೊತ್ತು ಕಾಡಿನ ಚಿತ್ರದ ಮುಂದೆ ನಿಲ್ಲಲಿಲ್ಲ. ಗಣಿಯ ಚಿತ್ರದಲ್ಲಿ ಅವರು ತಾತಂದಿರನ್ನು ಹುಡುಕುತ್ತಿದ್ದರೆಂದು ತೋರುವುದು.

ನಮ್ಮ ದಿಬ್ಬಗಳಿಗೂ ಈಚೆಗೆ ಬಹಳ ಕೀರ್ತಿ ಬಂದಿದೆ. 2018ರಲ್ಲಿಯೂ 2022ರಲ್ಲಿಯೂ ಎರಡು ಭಾಗಗಳಾಗಿ ತೆರೆಕಂಡ, ಗಣಿಯ ಹೆಸರನ್ನೇ ಹೊತ್ತ ಚಲನಚಿತ್ರಕ್ಕಾಗಿ ಸೈನೈಡ್ ದಿಬ್ಬಗಳ ಮೇಲೆ ದೊಡ್ಡ ದೊಡ್ಡ ರಚನೆಗಳನ್ನು ಕಟ್ಟಿದ್ದರು. ಆಗಿನಿಂದ ದೂರದೂರದವರು ಬಂದು ದಿಬ್ಬದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವರು. ಮದುವೆಗೆ ಮುಂಚಿನ ಪಟಗಳಿಗೆಂದು ವಧೂವರರೂ ಬರುವರು. ಹಿಂದೆ ಬಿಳಿಯ ಮರಳುಗಾಡಿನಂತೆ ಕಾಣುವುದರಿಂದ ಅವರಿಗೆ ಹರ್ಷ. ಬಂದವರು ಬರಲಿ, ನಮ್ಮ ಊರಿನ ಟೀ ಅಂಗಡಿಗೆ ನಾಲ್ಕು ಕಾಸು ಬೀಳಲಿ. ನಮ್ಮ ಆಕ್ಷೇಪಣೆ ಅದಕ್ಕಲ್ಲ. ಆ ಪಟದಲ್ಲಿ ದಿಬ್ಬವು ಎಲ್ಲಿಯೂ ಇಲ್ಲದ ದೇಶವಾಗಿಬಿಡುವುದು. ಅದರ ಆಚೆಗೆ ನೂರು ಗಜದಲ್ಲಿ ಒಬ್ಬ ತಾಯಿಯು ಆಷಾಢದ ಗಾಳಿ ಎದ್ದಾಗ ಒಣಗಹಾಕಿದ ಬಟ್ಟೆಯನ್ನು ಓಡಿಬಂದು ಎತ್ತಿಕೊಳ್ಳುವುದೂ, ಅನ್ನದ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಅದರ ಮೇಲೆ ಬಟ್ಟೆ ಹೊದಿಸುವುದೂ ಆ ಪಟದಲ್ಲಿ ಬರುವುದಿಲ್ಲ. ಆ ಹಿಟ್ಟು ಬಹುಮಟ್ಟಿಗೆ ಕಲ್ಲಿನ ಸಿಲಿಕಾ. ನುಣ್ಣನೆಯ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಮಾಡುವ ಕೇಡನ್ನು ಗಣಿಯೊಳಗೆ ದುಡಿದವರ ಮನೆಗಳಲ್ಲಿ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಪೋಷಕರ ಮಾತಿಗೆ ಬರೋಣ. ದಿನಾ ನೋಡಿ ಸಾಕಾಗಿದೆ ಎಂದರಲ್ಲವೆ? ನಿಜವಾಗಿಯೂ ಅವರು ದಿನಾ ನೋಡುವರೆ? ಗಣಿ ಮುಚ್ಚಿದ ಮೇಲೆ ಗಣಿಯ ಊರುಗಳ ದುಡಿಯುವ ಜನರಲ್ಲಿ ಸಾವಿರಾರು ಮಂದಿ ಮಾರಿಕುಪ್ಪಂ ರೈಲುಗಾಡಿಯಲ್ಲಿ ನಸುಕಿಗೆ ಮುಂಚೆಯೇ ಬೆಂಗಳೂರಿಗೆ ಹೊರಟು ಕತ್ತಲಾದ ಮೇಲೆ ಹಿಂದಿರುಗುವರು. 1894ರಲ್ಲಿ ಗಣಿಗಾಗಿ ಹಾಕಿದ ಆ ಹಳಿಯೇ ಈಗ ಗಣಿಯಿಲ್ಲದವರನ್ನು ಕೂಲಿಗೆ ಒಯ್ಯುವುದು. ಅಂಥ ತಂದೆತಾಯಿಗಳು ತಮ್ಮ ಊರನ್ನು ಬೆಳಕಿನಲ್ಲಿ ನೋಡುವುದು ಭಾನುವಾರ ಮಾತ್ರ. ಮಗಳು ಹಗಲಿನಲ್ಲಿ ತೆಗೆದ ಪಟವನ್ನು ರಾತ್ರಿ ಊಟದ ಹೊತ್ತಿಗೆ ನೋಡಿ, "ಈ ಹೊಂಗೆ ಮರ ಎಲ್ಲಿಯದು?" ಎಂದು ಕೇಳಿದ ತಂದೆಯೊಬ್ಬರುಂಟು. ಅದು ಅವರ ಮನೆಯಿಂದ ಎರಡು ಫರ್ಲಾಂಗಿನಲ್ಲಿದೆ.

ಇನ್ನು ಕೆಲವರು ಬಾಯಿಬಿಟ್ಟು ಹೇಳದ ಆತಂಕವೊಂದುಂಟು: ಇಂಥ ಊರಿನ ಹುಡುಗಿಯೆಂದು ಕಂಡರೆ ಒಳ್ಳೆಯ ಕಡೆಯ ಸಂಬಂಧ ಬಾರದೇನೋ, ಕಾಲೇಜಿನಲ್ಲಿ ಹೀನವಾಗಿ ನೋಡುವರೇನೋ ಎಂಬುದು. ಈ ಆತಂಕದಿಂದಲೇ ನಮ್ಮ ಅನೇಕ ಹಳೆಯ ವಿದ್ಯಾರ್ಥಿನಿಯರು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಾವು ಕೋಲಾರದವರೆಂದು ಹೇಳಿ ಅಲ್ಲಿಗೆ ನಿಲ್ಲಿಸುವರು. ಅವರನ್ನು ನಾವು ಜರೆಯುವುದಿಲ್ಲ. ಆದರೆ ಹೀನವಾಗಿ ಕಾಣುವವರಿಗೆ ಉತ್ತರವು ದಿಬ್ಬವನ್ನು ಕತ್ತರಿಸಿಹಾಕಿದ ಪಟವಲ್ಲ. ಆ ದಿಬ್ಬದ ಒಂದೊಂದು ಹಿಡಿಯೂ ಯಾರದೋ ತಾತನ ಪಾಳಿಯಲ್ಲಿ ಮೇಲೆ ಬಂದುದು. ಅದನ್ನು ಪಟದಲ್ಲಿಟ್ಟುಕೊಂಡೇ ಅದರ ಮುಂದೆ ನೆಟ್ಟಗೆ ನಿಂತ ಹುಡುಗಿಯನ್ನು ಹೀನವಾಗಿ ಕಾಣುವ ಧೈರ್ಯ ಬಹಳ ಜನಕ್ಕೆ ಬಾರದು.

ನಮ್ಮ ಹುಡುಗಿಯರು ಈ ಕೆಲಸವನ್ನು ಹೇಗೆ ಮಾಡುವರೆಂದು ತಿಳಿಯಲು ಪೋಷಕರಿಗೆ ಹಕ್ಕುಂಟು. ದಿಬ್ಬದ ಮೇಲೆ ಯಾರೂ ಹತ್ತತಕ್ಕದ್ದಲ್ಲ. ಮಳೆಯಲ್ಲಿ ಕೊರೆದ ಮಗ್ಗುಲುಗಳು ಹೇಳದೆ ಕುಸಿಯುವುವು. ಬುಡದ ಮಡುಗಳ ನೀರನ್ನು ಮುಟ್ಟಬಾರದು. ಹಳೆಯ ಷಾಫ್ಟುಗಳ ಸುತ್ತಣ ಬೇಲಿಯನ್ನು ದಾಟಬಾರದು. ಅಧ್ಯಾಪಿಕೆಯೊಬ್ಬರ ಸಂಗಡ, ರಸ್ತೆಯಿಂದ ಅಥವಾ ಮನೆಯ ಮಹಡಿಯಿಂದ ತೆಗೆದರೆ ಸಾಕು. ಒಳ್ಳೆಯ ಪಟವು ದೂರದಿಂದಲೇ ಬರುವುದು. ಹತ್ತಿರ ಹೋದಂತೆ ಎರಡರಲ್ಲಿ ಒಂದು ಅಂಚಿನಿಂದಾಚೆಗೆ ಜಾರುವುದು. ಬೆಳಕು ಓರೆಯಾಗಿ ಬೀಳುವ ಬೆಳಗಿನ ಏಳು ಗಂಟೆಗೆ ಕೊರಕಲುಗಳು ಒಂದೊಂದಾಗಿ ಎದ್ದುಕಾಣುವುವು. ನಡುಹಗಲಿನಲ್ಲಿ ದಿಬ್ಬವು ಬರಿಯ ಸುಣ್ಣದ ಗೋಡೆ. ಹೊಲದಲ್ಲಿ ಕೆಲಸ ಮಾಡುವವರು ಪಟದಲ್ಲಿ ಬರುವುದಾದರೆ ಮೊದಲು ಅವರನ್ನು ಕೇಳಬೇಕು. ಸೌದೆ ಹೊತ್ತು ಹೋಗುವ ಅಜ್ಜಿಯೊಬ್ಬರು, "ನನ್ನ ಪಟ ಯಾಕವ್ವ, ಆ ಗೋಪುರದ್ದು ತೆಗಿ, ಅದು ನನಗಿಂತ ಮುಂಚೆ ಹೋಗುತ್ತೆ" ಎಂದರಂತೆ. ಪಟದ ಕೆಳಗೆ ಊರು, ತಾರೀಖು, ನಿಂತ ಜಾಗ, ನೋಡಿದ ದಿಕ್ಕು ಇವನ್ನು ಬರೆಯತಕ್ಕದ್ದು. ಈ ಬರಹವಿಲ್ಲದೆ ತಂದ ಪಟವನ್ನು, ಅದು ಎಷ್ಟೇ ಚೆನ್ನಾಗಿರಲಿ, ನಾವು ಗೋಡೆಗೆ ಹಾಕುವುದಿಲ್ಲ.

ಅಜ್ಜಿಯ ಮಾತು ಸುಮ್ಮನೆ ಆಡಿದುದಲ್ಲ. ದಿಬ್ಬಗಳ ಹಿಟ್ಟಿನಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತ ಕಡಮೆಯಾದರೂ ಚಿನ್ನವು ಇನ್ನೂ ಉಳಿದಿದೆ. ಅದನ್ನು ಮತ್ತೆ ಸೋಸಿ ತೆಗೆಯುವ ಕೇಂದ್ರ ಸರ್ಕಾರದ ಯೋಜನೆಗೆ 2024ನೆಯ ಇಸವಿಯ ಜೂನ್ ತಿಂಗಳಲ್ಲಿ ಕರ್ನಾಟಕದ ಮಂತ್ರಿಮಂಡಲವು ಒಪ್ಪಿಗೆ ಕೊಟ್ಟಿತು. ಕೆಲಸಗಳು ಬರುವುವೆಂದು ಕೆಲವರು ಹಿಗ್ಗುವರು, ಧೂಳು ಹೆಚ್ಚುವುದೆಂದು ಕೆಲವರು ಅಂಜುವರು. ಇಬ್ಬರ ಮಾತಿನಲ್ಲಿಯೂ ಹುರುಳುಂಟು. ಜಿಲ್ಲೆಯ ಇನ್ನೊಂದು ಕಡೆ ನರಸಾಪುರ, ವೇಮಗಲ್ಲಿನ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. ಬೆಂಗಳೂರು–ಚೆನ್ನೈ ಹೊಸ ಹೆದ್ದಾರಿಯು ಬೇತಮಂಗಲದ ಕಡೆಯ ಹೊಲಗಳನ್ನು ಸೀಳಿಕೊಂಡು ಹೋಗಿದೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದುದರ ಪಟವನ್ನು ಎಲ್ಲರೂ ತೆಗೆದರು. ನೀರು ಎಲ್ಲಿಂದ ಬಂದಿತೆಂಬುದನ್ನು ಪಟದಲ್ಲಿ ತೋರಿಸಿದವರು ವಿರಳ. ಒಟ್ಟಿನಲ್ಲಿ ಇಂದು ಎಂಟನೆಯ ತರಗತಿಯಲ್ಲಿರುವ ಹುಡುಗಿಯು ತಾಯಿಯಾಗುವ ವೇಳೆಗೆ ಈ ದಿಬ್ಬಗಳ ಆಕಾರವು ಈಗಿನಂತೆ ಇರಲಾರದು. ಇದ್ದಾಗ ಬೇಸರವೆಂದು ಬಿಟ್ಟುದನ್ನು ಹೋದ ಮೇಲೆ ಹುಡುಕುವುದು ಮನುಷ್ಯಸ್ವಭಾವ.

ಆದುದರಿಂದ ಶಾಲೆಯ ಮಹಡಿಯ ಜಗಲಿಯ ಒಂದೇ ಕಂಬದ ಬಳಿಯಿಂದ, ವರ್ಷಕ್ಕೆ ಮೂರು ಸಾರಿ, ಒಂದೇ ದಿಕ್ಕಿಗೆ ಪಟ ತೆಗೆಯುವ ಏರ್ಪಾಡು ಮಾಡಿದೆವು: ಆಷಾಢದ ಗಾಳಿಯಲ್ಲಿ ಒಂದು, ರಾಗಿ ಕೊಯ್ಲಿನ ಕಾಲಕ್ಕೆ ಒಂದು, ಬೇಸಗೆಯ ರಜೆಗೆ ಮುಂಚೆ ಒಂದು. ಒಂಬತ್ತನೆಯ ತರಗತಿಯವರು ಇದನ್ನು ನೋಡಿಕೊಳ್ಳುವರು. ತರಗತಿ ಬದಲಾದಂತೆ ಕೈ ಬದಲಾಗುವುದು, ಕಂಬ ಬದಲಾಗದು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಕೋರಿಕೆ ಇದು. ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿ, ತಾಯಂದಿರ ಆಲ್ಬಮ್ಮುಗಳಲ್ಲಿ, ಮದುವೆಯ ಗುಂಪಿನ ಹಿಂದೆ ಗೋಪುರವೊಂದು ಕಂಡಿದ್ದರೆ, ತಂದೆಯು ಸೈಕಲ್ಲಿನ ಪಕ್ಕದಲ್ಲಿ ನಿಂತ ಪಟದಲ್ಲಿ ಗಿರಣಿಯ ಚಾವಣಿ ಇಣುಕಿದ್ದರೆ, ಬೂದಿಕೋಟೆಯ ಬಂಡೆಯ ಮೇಲೆ ಶಾಲೆಯ ಪ್ರವಾಸದಲ್ಲಿ ಕುಳಿತ ಚಿತ್ರವಿದ್ದರೆ, ಅದನ್ನು ತಿರಸ್ಕರಿಸದೆ ಶಾಲೆಗೆ ತಂದುಕೊಡಿರಿ. ಮುಖಗಳಿಗಾಗಿ ತೆಗೆದ ಪಟಗಳಲ್ಲಿಯೇ ಸೀಮೆಯು ತನ್ನಷ್ಟಕ್ಕೆ ಬಂದು ಕುಳಿತಿರುವುದು. ನಕಲು ಮಾಡಿಕೊಂಡು ಮೂಲವನ್ನು ಹದಿನೈದು ದಿನಗಳೊಳಗೆ ಹಿಂದಿರುಗಿಸಲಾಗುವುದು. ಹಿಂಬದಿಯಲ್ಲಿ ಊರು, ವರ್ಷ, ಕಾಣುವವರ ಹೆಸರು ಇವನ್ನು ಸೀಸದ ಕಡ್ಡಿಯಿಂದ ಮೆಲ್ಲಗೆ ಬರೆಯಿರಿ. ಶಾಯಿಯಿಂದ ಬರೆದರೆ ಮುಂಭಾಗಕ್ಕೆ ಇಳಿಯುವುದು.